ಫಿಲಡೆಲ್ಫಿಯಾದ ಬಣ್ಣದ ಹೆಂಗಸರು

1846ರ ನವೆಂಬರ್ ತಿಂಗಳು. ಅಮೆರಿಕದ ಸಾವಿರಾರು ಮನೆಗಳಿಗೆ ಅಂಚೆಯಲ್ಲಿ ಬಂದ ಮಹಿಳಾ ಮಾಸಪತ್ರಿಕೆಯೊಂದರಲ್ಲಿ ಎಡ್ಗರ್ ಅಲನ್ ಪೋ ಬರೆದ ಹೊಸ ಕಥೆಯಿತ್ತು. ಅವಮಾನದ ಸೇಡು ತೀರಿಸಿಕೊಳ್ಳಲು ಒಬ್ಬಾತ ತನ್ನ ಪರಿಚಿತನಿಗೆ ಒಳ್ಳೆಯ ಮದ್ಯದ ಆಸೆ ಹುಟ್ಟಿಸಿ ನೆಲಮಾಳಿಗೆಗೆ ಇಳಿಸುತ್ತಾನೆ. ಸರಪಳಿಯಲ್ಲಿ ಬಿಗಿದು, ಕಲ್ಲಿನ ಮೇಲೆ ಕಲ್ಲಿಟ್ಟು ಜೀವಸಹಿತ ಗೋಡೆಯೊಳಗೆ ಮುಚ್ಚಿಬಿಡುತ್ತಾನೆ. ‘ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ’ ಎಂಬ ಈ ಕಥೆ ಇಂದು ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಆದರೆ ಅದು ಮೊದಲು ಅಚ್ಚಾದದ್ದು ಕಸೂತಿ, ಟೋಪಿ, ಗೌನುಗಳ ಚಿತ್ರಕ್ಕೆ ಹೆಸರಾದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯಲ್ಲಿ. ಹಾಥಾರ್ನ್ ಬರೆದದ್ದೂ ಅಲ್ಲಿ, ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದದ್ದೂ ಅಲ್ಲಿ. ಆದರೂ ಇವತ್ತು ಜನ ಆ ಪತ್ರಿಕೆಯನ್ನು ನೆನೆಯುವುದು, ಹಳೆ ಪುಸ್ತಕದಂಗಡಿಗಳಲ್ಲಿ ತಡಕುವುದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ಅದರೊಳಗಿನ ಬಣ್ಣದ ಹಾಳೆಗಳಿಗಾಗಿ.

ಆ ಹಾಳೆಯ ಮೇಲೆ ಸಾಮಾನ್ಯವಾಗಿ ಇಬ್ಬರೋ ಮೂವರೋ ಹೆಂಗಸರು. ಜಾರುವ ಹೆಗಲು, ಮುಷ್ಟಿಯಲ್ಲಿ ಹಿಡಿಯಬಹುದೆನ್ನಿಸುವ ನಡು, ನೆಲ ಮುಟ್ಟಿತೋ ಇಲ್ಲವೋ ಎಂಬಂಥ ಪುಟಾಣಿ ಪಾದ. ಒಬ್ಬಳ ಕೈಯಲ್ಲಿ ಪತ್ರ, ಇನ್ನೊಬ್ಬಳ ಕೈಯಲ್ಲಿ ಬೀಸಣಿಗೆ, ಪಕ್ಕದಲ್ಲಿ ಲಂಗ ತೊಟ್ಟ ಮಗು. ಆ ಮಗು ಹುಡುಗನೂ ಆಗಿರಬಹುದು. ಆಗ ಚಿಕ್ಕ ಹುಡುಗರಿಗೂ ಲಂಗವೇ. ಹಿನ್ನೆಲೆಯಲ್ಲಿ ತೋಟವೋ ದಿವಾನಖಾನೆಯೋ ಕಡಲ ದಂಡೆಯೋ. ವಿಚಿತ್ರವೆಂದರೆ ಒಂದೇ ಕೋಣೆಯಲ್ಲಿದ್ದರೂ ಇವರು ಒಬ್ಬರನ್ನೊಬ್ಬರು ನೋಡುವುದೇ ಅಪರೂಪ. ಅವರಲ್ಲೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದರೆ ಅದು ಮುನಿಸಲ್ಲ, ಗೌನಿನ ಹಿಂಭಾಗದ ನೆರಿಗೆ ಎಲ್ಲಿ ಕೂರಬೇಕೆಂದು ಹೊಲಿಯುವವರಿಗೆ ಕಾಣಬೇಕಲ್ಲ, ಅದಕ್ಕೆ. ಮುಖಗಳಂತೂ ಒಂದೇ ಅಚ್ಚು. ಮಾರ್ಕ್ ಟ್ವೇನ್ 1883ರ ‘ಲೈಫ್ ಆನ್ ದ ಮಿಸಿಸಿಪ್ಪಿ’ಯಲ್ಲಿ ನದಿತೀರದ ಸಿರಿವಂತರ ಮನೆಗಳ ಅಲಂಕಾರವನ್ನು ಲೇವಡಿ ಮಾಡುವಾಗ ಗೋಡಿಯ ಈ ಚಿತ್ರಸುಂದರಿಯರನ್ನೂ, ಅವರ ಒಂದೇ ತೆರನಾದ ಬಾಯಿಯನ್ನೂ ಬಿಡಲಿಲ್ಲ. ಟ್ವೇನ್ ಹೇಳಿದ್ದು ನಿಜವೇ. ಆದರೆ ಇಲ್ಲಿ ಮುಖಕ್ಕೆ ಕೆಲಸವಿರಲಿಲ್ಲ. ನೋಡುವವಳು ತನ್ನ ಮುಖವನ್ನು ಅಲ್ಲಿಟ್ಟು ನೋಡಿಕೊಳ್ಳಬೇಕಿತ್ತು. ಎದ್ದುಕಾಣುವ ಮುಖವಿದ್ದಿದ್ದರೆ ಅದಕ್ಕೆ ಅಡ್ಡಿಯೇ ಆಗುತ್ತಿತ್ತು.

ಇದಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ಏನು ತೊಡುತ್ತಿದ್ದಾರೆಂದು ಅಟ್ಲಾಂಟಿಕ್ಕಿನ ಆಚೆ ದಡಕ್ಕೆ ತಿಳಿಸುವ ಕೆಲಸ ಬೊಂಬೆಗಳದ್ದಾಗಿತ್ತು. ಹೊಸ ಮಾದರಿಯ ಪುಟ್ಟ ಉಡುಪು ತೊಡಿಸಿದ ಬೊಂಬೆಗಳು ಪ್ಯಾರಿಸ್ಸಿನಿಂದ ಲಂಡನ್ನಿಗೆ, ಅಲ್ಲಿಂದ ಹಡಗು ಹತ್ತಿ ಅಮೆರಿಕದ ಬಂದರುಗಳಿಗೆ ಬರುತ್ತಿದ್ದವು. ಹದಿನೆಂಟನೇ ಶತಮಾನದ ಕೊನೆಗೆ ಬೊಂಬೆಯ ಜಾಗಕ್ಕೆ ಕಾಗದ ಬಂತು. ಲಂಡನ್ನಿನಲ್ಲಿ 1794ರಿಂದ ನಿಕೊಲಸ್ ಹೈಡೆಲಾಫ್ ‘ಗ್ಯಾಲರಿ ಆಫ್ ಫ್ಯಾಷನ್’ ತಂದ. ಪ್ಯಾರಿಸ್ಸಿನಲ್ಲಿ 1797ರಲ್ಲಿ ‘ಜೂರ್ನಾಲ್ ದೆ ದಾಮ್ ಎ ದೆ ಮೋದ್’ ಶುರುವಾಯಿತು. 1809ರಲ್ಲಿ ಲಂಡನ್ನಿನ ರುಡಾಲ್ಫ್ ಆಕರ್‌ಮನ್ ಶುರುಮಾಡಿದ ‘ರೆಪಾಸಿಟರಿ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಟ್ಟೆಯ ನಿಜವಾದ ತುಣುಕುಗಳನ್ನೇ ಪುಟಕ್ಕೆ ಅಂಟಿಸಿ ಕೊಡುತ್ತಿತ್ತು. ಅಮೆರಿಕದ ಪಾಲಿಗೆ ಇವೆಲ್ಲ ಹಡಗಿನಲ್ಲಿ ಬರುವ ದುಬಾರಿ ಸರಕು.

1830ರಲ್ಲಿ ಫಿಲಡೆಲ್ಫಿಯಾದ ಲೂಯಿ ಆಂಟ್ವಾನ್ ಗೋಡಿ ಎಂಬ ಚುರುಕು ವ್ಯಾಪಾರಿ ತನ್ನ ಪತ್ರಿಕೆ ಆರಂಭಿಸಿದಾಗ ಅದರಲ್ಲಿ ಸ್ವಂತದ್ದೆನ್ನುವುದು ಕಡಿಮೆಯೇ ಇತ್ತು. ಕಥೆಗಳು ಇಂಗ್ಲಿಷ್ ಪತ್ರಿಕೆಗಳಿಂದ ಎತ್ತಿದವು, ಉಡುಪಿನ ಚಿತ್ರಗಳೂ ಐರೋಪ್ಯ ಮೂಲದವೇ. ಆತನ ಅದೃಷ್ಟಕ್ಕೆ ತಂತ್ರಜ್ಞಾನ ಸಿದ್ಧವಾಗಿತ್ತು. ಮೆಸಾಚುಸೆಟ್ಸ್‌ನ ಜೇಕಬ್ ಪರ್ಕಿನ್ಸ್ ಎಂಬಾತ ಬ್ಯಾಂಕ್ ನೋಟುಗಳನ್ನು ಖೋಟಾ ಮಾಡುವವರ ಕಾಟ ತಪ್ಪಿಸಲು ಉಕ್ಕಿನ ಫಲಕದ ಮೇಲೆ ಕೆತ್ತುವ ವಿಧಾನವನ್ನು ಬೆಳೆಸಿದ್ದ. ತಾಮ್ರದ ಫಲಕ ಕೆಲವು ಸಾವಿರ ಪ್ರತಿಗಳಿಗೇ ಸವೆದುಹೋಗುತ್ತಿತ್ತು. ಉಕ್ಕಿನದು ಅದರ ಹತ್ತಾರು ಪಟ್ಟು ಬಾಳುತ್ತಿತ್ತು, ಕೂದಲೆಳೆಯಂಥ ಗೆರೆಯನ್ನೂ ಹಿಡಿಯುತ್ತಿತ್ತು. ಹೀಗೆ ಕಳ್ಳನೋಟಿನ ಭಯದಿಂದ ಹುಟ್ಟಿದ ಕಲೆ ಲೇಸಿನ ಅಂಚು, ರೇಷ್ಮೆಯ ಹೊಳಪು ಕೆತ್ತಲು ಒದಗಿಬಂತು. ಲೇಸು ತೊಟ್ಟವಳಿಗೆ ಈ ಸಂಬಂಧ ಗೊತ್ತಿರಲು ಕಾರಣವಿಲ್ಲ.

ಉಕ್ಕಿನ ಫಲಕ ಕೊಟ್ಟದ್ದು ಕಪ್ಪು ಗೆರೆಯನ್ನಷ್ಟೇ. ಬಣ್ಣ ಬರಬೇಕಾದದ್ದು ಕುಂಚದಿಂದ, ಪ್ರತಿ ಪ್ರತಿಗೂ, ಕೈಯಿಂದಲೇ. ಈ ಕೆಲಸಕ್ಕೆ ತನ್ನಲ್ಲಿ 150 ಹೆಂಗಸರಿದ್ದಾರೆಂದು ಗೋಡಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಂತರ್ಯುದ್ಧದ ಹೊಸ್ತಿಲಲ್ಲಿ ತನ್ನ ಪ್ರಸಾರ ಒಂದೂವರೆ ಲಕ್ಷ ಎಂದೂ ಹೇಳಿಕೊಂಡ. ಎರಡು ಲೆಕ್ಕಗಳನ್ನೂ ನಂಬಿ ಪಕ್ಕಪಕ್ಕ ಇಟ್ಟರೆ ಒಬ್ಬೊಬ್ಬಳ ಪಾಲಿಗೆ ತಿಂಗಳಿಗೆ ಸಾವಿರ ಹಾಳೆ. ಪ್ರಕಾಶಕರ ಅಂಕಿಗಳಲ್ಲಿ ಉಬ್ಬರ ಇದ್ದೇ ಇರುತ್ತದೆ. ಅರ್ಧ ಕಳೆದರೂ ಬೆನ್ನು ಬಾಗುವಷ್ಟು ದುಡಿಮೆ. ಅದೇ ಕಾಲದಲ್ಲಿ ನ್ಯೂಯಾರ್ಕಿನ ‘ಕರಿಯರ್ ಅಂಡ್ ಐವ್ಸ್’ ಕಂಪನಿಯ ಅಗ್ಗದ ಗೋಡೆಚಿತ್ರಗಳು ತಯಾರಾಗುತ್ತಿದ್ದ ಬಗೆ ನೋಡಿದರೆ ಈ ಕಸುಬಿನ ಅಂದಾಜು ಸಿಗುತ್ತದೆ. ಅಲ್ಲಿ ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂರುತ್ತಿದ್ದರು, ಬಹಳಷ್ಟು ಮಂದಿ ಜರ್ಮನಿಯಿಂದ ವಲಸೆ ಬಂದವರು. ನಡುವೆ ಮಾದರಿ ಚಿತ್ರವೊಂದು. ಒಬ್ಬಳ ಕುಂಚದಲ್ಲಿ ಒಂದೇ ಬಣ್ಣ. ತನ್ನ ಪಾಲಿನದನ್ನು ತುಂಬಿ ಹಾಳೆಯನ್ನು ಪಕ್ಕದವಳಿಗೆ ದಾಟಿಸಬೇಕು. ಕೊನೆಯಲ್ಲಿ ಕೈಪಳಗಿದವಳೊಬ್ಬಳು ಓರೆಕೋರೆ ತಿದ್ದುತ್ತಿದ್ದಳು. ಹೆನ್ರಿ ಫೋರ್ಡ್ ಹುಟ್ಟುವ ಮೊದಲೇ ಜೋಡಣಾ ಸಾಲು ಇತ್ತೆಂದಾಯಿತು, ಕಾರಿನ ಬದಲು ಕಾಗದದ ಗೌನಿನ ಮೇಲೆ.

ಕೈಕೆಲಸವೆಂದ ಮೇಲೆ ಹೆಚ್ಚುಕಡಿಮೆ ಸಹಜ. ಒಂದೂರಿನಲ್ಲಿ ಇಬ್ಬರು ಗೆಳತಿಯರಿಗೆ ಬಂದ ಒಂದೇ ತಿಂಗಳ ಸಂಚಿಕೆಯಲ್ಲಿ ಒಬ್ಬಳ ಚಿತ್ರದ ಗೌನು ಹಸಿರು, ಇನ್ನೊಬ್ಬಳದ್ದು ನೀಲಿ ಆಗಿರುವುದುಂಟು. ಇಂದಿಗೂ ಸಂಗ್ರಹಗಳಲ್ಲಿ ಹೀಗೆ ಬಣ್ಣ ಬದಲಾದ ಜೋಡಿಗಳು ಸಿಗುತ್ತವೆ. ಚಂದಾದಾರರು ಕೇಳಿದಾಗ ಗೋಡಿ ಕೊಟ್ಟ ಸಮಾಧಾನ ಪಕ್ಕಾ ವ್ಯಾಪಾರಿಯದು: ಒಂದೇ ಉಡುಪು ಬೇರೆಬೇರೆ ಬಣ್ಣದಲ್ಲಿ ಹೇಗೆ ಕಾಣುತ್ತದೆಂದು ನೀವೇ ಹೋಲಿಸಿ ಆರಿಸಿಕೊಳ್ಳಲೆಂದೇ ಹೀಗೆ ಮಾಡಿದ್ದೇವೆ! ಮೇಜಿನ ಮೇಲೆ ಒಂದು ಬಣ್ಣ ಮುಗಿದುಹೋದಾಗ ಇನ್ನೊಂದಕ್ಕೆ ಕುಂಚ ಅದ್ದಿದ್ದರ ಫಲ ಇದೆಂದು ಊಹಿಸುವುದು ಕಷ್ಟವಲ್ಲ. ಆ 150 ಹೆಂಗಸರಲ್ಲಿ ಯಾರ ಹೆಸರೂ ಚಿತ್ರದ ಕೆಳಗೆ ಇಲ್ಲ. ಕೆತ್ತಿದವನ ಹೆಸರು ಎಷ್ಟೋ ಸಲ ಇದೆ, ಪ್ರಕಾಶಕನ ಹೆಸರು ತಪ್ಪದೆ ಇದೆ.

ಇಂಥ ಪತ್ರಿಕೆಯ ಸಂಪಾದಕಿ ತಾನು ಮಾತ್ರ ಗಂಡ ಸತ್ತ ಮೇಲೆ ಉಳಿದ ಬದುಕನ್ನೆಲ್ಲ ಕಪ್ಪು ಬಟ್ಟೆಯಲ್ಲಿ ಕಳೆದಳು ಎಂಬುದು ಈ ಕಥೆಯ ಸ್ವಾರಸ್ಯ. ಸಾರಾ ಜೋಸೆಫಾ ಹೇಲ್ 1788ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯೂಪೋರ್ಟ್‌ನಲ್ಲಿ ಹುಟ್ಟಿದವಳು. 1822ರಲ್ಲಿ ಗಂಡ ತೀರಿಕೊಂಡಾಗ ಐದು ಮಕ್ಕಳ ಹೊಣೆ ಹೆಗಲಿಗೆ ಬಂತು. ಹೊಲಿಗೆ, ಟೋಪಿ ತಯಾರಿ ಎಂದು ಏನೇನೋ ಮಾಡಿ ಕೊನೆಗೆ ಕೈ ಹಿಡಿದದ್ದು ಬರವಣಿಗೆ. ನಮ್ಮ ಕಾನ್ವೆಂಟ್ ಮಕ್ಕಳು ಇವತ್ತಿಗೂ ಹಾಡುವ ಮೇರಿಯ ಕುರಿಮರಿಯ ಪದ್ಯ 1830ರಲ್ಲಿ ಆಕೆ ಪ್ರಕಟಿಸಿದ ಮಕ್ಕಳ ಕವನ ಸಂಗ್ರಹದ್ದು. 1828ರಿಂದ ಬಾಸ್ಟನ್ನಿನಲ್ಲಿ ಆಕೆ ನಡೆಸುತ್ತಿದ್ದ ‘ಲೇಡೀಸ್ ಮ್ಯಾಗಜೀನ್’ ಪತ್ರಿಕೆಯನ್ನು ಗೋಡಿ ಕೊಂಡುಕೊಂಡ. 1837ರಲ್ಲಿ ಆಕೆಯನ್ನೇ ತನ್ನ ಪತ್ರಿಕೆಗೆ ಸಂಪಾದಕಿ ಮಾಡಿಕೊಂಡ. ಮಗನ ಓದು ಮುಗಿಯುವವರೆಗೆ ಬಾಸ್ಟನ್ ಬಿಡಲಾರೆ ಎಂದ ಆಕೆ 1841ರವರೆಗೆ ಅಲ್ಲಿಂದಲೇ ಸಂಪಾದಿಸಿದಳು. 1877ರ ಡಿಸೆಂಬರ್‌ನಲ್ಲಿ ವಿದಾಯದ ಮಾತು ಬರೆದಾಗ ವಯಸ್ಸು 89.

ಹೇಲ್‌ಗೆ ಬೇಕಿದ್ದುದು ಹೆಣ್ಣುಮಕ್ಕಳ ಶಿಕ್ಷಣ, ಶಾಲಾ ಶಿಕ್ಷಕಿಯರು, ಮಹಿಳಾ ವೈದ್ಯರು. ನಡು ಬಿಗಿಯುವ ಕಾರ್ಸೆಟ್ಟು ಆಕೆಗೆ ಆಗದು. ಪ್ಯಾರಿಸ್ಸಿನ ಅನುಕರಣೆ ಇನ್ನೂ ಆಗದು. ಗೋಡಿಗೆ ಬೇಕಿದ್ದುದು ಚಂದಾ. ಇಬ್ಬರೂ ನಲವತ್ತು ವರ್ಷ ಜಗಳವಾಡದೆ ಸಂಸಾರ ಮಾಡಿದ್ದು ಕೆಲಸ ಹಂಚಿಕೊಂಡದ್ದರಿಂದ: ಲೇಖನ ಆಕೆಯದು, ಬಣ್ಣದ ಹಾಳೆ ಈತನದು. ಹಾಗಾಗಿ ಒಂದೇ ಸಂಚಿಕೆಯಲ್ಲಿ ಮುಂದೆ ಉಸಿರುಗಟ್ಟುವಂಥ ನಡು, ಹಿಂದೆ ಶುದ್ಧ ಗಾಳಿ ಮತ್ತು ವ್ಯಾಯಾಮದ ಉಪದೇಶ. ಇದನ್ನು ಆಷಾಢಭೂತಿತನ ಎನ್ನುವವರಿದ್ದಾರೆ. ಆದರೆ ಆ ಹಾಳೆಗಳಿಲ್ಲದಿದ್ದರೆ ಹೇಲ್‌ಳ ಲೇಖನ ಅಷ್ಟು ಮನೆಗಳ ಹೊಸ್ತಿಲು ದಾಟುತ್ತಿರಲಿಲ್ಲ. ಹೆಣ್ಣುಮಕ್ಕಳ ವಾಸರ್ ಕಾಲೇಜಿನ ಪರವಾಗಿ ಆಕೆ ಮಾಡಿದ ವಾದವನ್ನು ಓದಿಸಿದ್ದು ಗೌನಿನ ಚಿತ್ರವೇ.

ಚಿತ್ರಗಳ ಅಡಿಯಲ್ಲಿ ‘ಅಮೆರಿಕೀಕರಿಸಿದ ಪ್ಯಾರಿಸ್ ಫ್ಯಾಷನ್’ ಎಂಬರ್ಥದ ಸಾಲು ಇರುತ್ತಿತ್ತು. ಪ್ಯಾರಿಸ್ಸಿನ ಹಾಳೆಯನ್ನು ತರಿಸಿ, ಎದೆ ತೀರಾ ತೆರೆದಿದ್ದರೆ ಮುಚ್ಚಿ, ಜರತಾರಿ ಹೆಚ್ಚಿದ್ದರೆ ತಗ್ಗಿಸಿ, ಹೊಸದಾಗಿ ಕೆತ್ತಿಸುವುದು ಇದರ ಹಿಂದಿನ ಕೆಲಸ. ಮೂಲ ಚಿತ್ರಗಳ ಒಳ್ಳೆಯ ಪಾಲು ಬರೆದವರು ಕೂಡ ಹೆಂಗಸರೇ. ಪ್ಯಾರಿಸ್ಸಿನ ಕೊಲಾಂ ಮನೆತನದ ಅಕ್ಕತಂಗಿಯರಾದ ಎಲೊಯೀಸ್ ಲೆಲ್ವಾರ್, ಅನಾಯಿಸ್ ಟುಡೂಝ್, ಲೋರ್ ನೊಯೆಲ್ ದಶಕಗಟ್ಟಲೆ ಇದನ್ನೇ ಬರೆದು ಬದುಕಿದರು. ಅವರ ಗೆರೆ ಲಂಡನ್, ಬರ್ಲಿನ್, ಫಿಲಡೆಲ್ಫಿಯಾ ಎಲ್ಲ ಕಡೆ ಕೆಲವೊಮ್ಮೆ ಹಣ ಕೊಟ್ಟು, ಹಲವೊಮ್ಮೆ ಕೊಡದೆ, ಮರುಅಚ್ಚಾಗುತ್ತಿತ್ತು. ತನ್ನ ಪುಟಗಳನ್ನು ಬೇರೆಯವರು ಕದಿಯದಂತೆ 1845ರಲ್ಲಿ ಹಕ್ಕುಸ್ವಾಮ್ಯ ಪಡೆದ ಗೋಡಿ ಫ್ರೆಂಚರ ವಿಷಯದಲ್ಲಿ ಅಷ್ಟು ಸೂಕ್ಷ್ಮನಾಗಿರಲಿಲ್ಲ.

ಈ ‘ಅಮೆರಿಕೀಕರಣ’ದ ಅತಿ ಪ್ರಸಿದ್ಧ ಉದಾಹರಣೆ ಉಡುಪಿನ ಹಾಳೆಯಲ್ಲ, ಒಂದು ಕ್ರಿಸ್‌ಮಸ್ ಮರ. 1848ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಿಕ್ಟೋರಿಯಾ ರಾಣಿಯ ಕುಟುಂಬ ವಿಂಡ್ಸರ್ ಅರಮನೆಯಲ್ಲಿ ಅಲಂಕರಿಸಿದ ಮರದ ಸುತ್ತ ನಿಂತ ಚಿತ್ರ ಪ್ರಕಟಿಸಿತು. ಗೋಡಿ 1850ರ ಡಿಸೆಂಬರ್ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಹಾಕಿದ, ಸಣ್ಣ ಶಸ್ತ್ರಚಿಕಿತ್ಸೆಯೊಂದಿಗೆ. ರಾಣಿಯ ತಲೆಯ ಮೇಲಿನ ಕಿರೀಟ ಮಾಯ. ಆಲ್ಬರ್ಟ್‌ನ ಮೀಸೆ ಮಾಯ, ಎದೆಗೆ ಅಡ್ಡವಾಗಿದ್ದ ರಾಜಪಟ್ಟಿಯೂ ಮಾಯ. ಉಳಿದದ್ದು ಒಬ್ಬ ಅಪ್ಪ, ಒಬ್ಬ ಅಮ್ಮ, ಮಕ್ಕಳು, ಮರ. ಓಹಿಯೋದ ಯಾವುದೇ ಅನುಕೂಲಸ್ಥರ ಮನೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಮರದ ಸಂಪ್ರದಾಯ ಮನೆಮನೆಗೆ ಹಬ್ಬಲು ಈ ಚಿತ್ರದ ಕೊಡುಗೆ ದೊಡ್ಡದೆಂದು ಇತಿಹಾಸಕಾರರು ಒಪ್ಪುತ್ತಾರೆ. ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಗೋಡಿಯ ಪ್ರತಿಭೆ ಎಲ್ಲಿತ್ತೆಂದು ತಿಳಿಯುತ್ತದೆ: ಅವನು ಚಿತ್ರಗಾರನಲ್ಲ, ಅಳಿಸುಗಾರ.

ಪತ್ರಿಕೆಯ ಚಂದಾ ವರ್ಷಕ್ಕೆ ಮೂರು ಡಾಲರ್. ಅಂದಿನ ಕೂಲಿಕಾರನ ಸುಮಾರು ಮೂರು ದಿನದ ಸಂಬಳ. ಹತ್ತಾರು ಜನ ಸೇರಿ ಗುಂಪಾಗಿ ಚಂದಾ ಕಟ್ಟಿದರೆ ರಿಯಾಯಿತಿ ಇತ್ತು. ಬಂದ ಸಂಚಿಕೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಆದರೆ ಬಣ್ಣದ ಹಾಳೆಯಿಂದ ಗೌನು ಮೈಮೇಲೆ ಬರುವುದು ಹೇಗೆ? ಅಂದು ಅಂಗಡಿಯಲ್ಲಿ ಸಿದ್ಧ ಗೌನು ಸಿಗುತ್ತಿರಲಿಲ್ಲ. ನೇರ ಹೊಲಿಗೆಯ ಲಂಗವನ್ನು ಯಾವ ಗೃಹಿಣಿಯಾದರೂ ಹೊಲಿದಾಳು. ಮೈಗಂಟುವ ಮೇಲುಡುಪಿನ ಕತ್ತರಿಕೆ ಮಾತ್ರ ಕಷ್ಟದ್ದು. ಅದಕ್ಕೆಂದೇ ಎಷ್ಟೋ ಮನೆಗಳು ವರ್ಷಕ್ಕೆ ಕೆಲವು ದಿನ ದರ್ಜಿಹೆಂಗಸನ್ನು ಕರೆಸಿ ಇಟ್ಟುಕೊಳ್ಳುತ್ತಿದ್ದವು. ಅವಳು ಬಟ್ಟೆ ಕತ್ತರಿಸಿ ಹಿಡಿಹೊಲಿಗೆ ಹಾಕಿಕೊಟ್ಟು ಹೋದರೆ ಉಳಿದದ್ದು ಮನೆಯವರ ಪಾಲು. ಆಗ ಮೇಜಿನ ಮೇಲೆ ಗೋಡಿಯ ಹಾಳೆ ತೆರೆದಿರುತ್ತಿತ್ತು. ಅದರಂತೆಯೇ ಎಲ್ಲವನ್ನೂ ಹೊಲಿಸಿದವರು ಕಡಿಮೆ. ತೋಳಿನ ಅಗಲ, ಕಾಲರಿನ ಆಕಾರ, ಅಂಚಿನ ಪಟ್ಟಿ ಇಷ್ಟನ್ನು ಎತ್ತಿಕೊಂಡು ಹಳೆಯ ಗೌನಿಗೆ ಹೊಸ ಕಳೆ ಕೊಟ್ಟವರೇ ಹೆಚ್ಚು. ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿರುವ ಆ ಕಾಲದ ಗೌನುಗಳ ಒಳಮೈ ನೋಡಿದರೆ ಬಿಚ್ಚಿ ಮತ್ತೆ ಹೊಲಿದ ಗುರುತುಗಳು ಎಷ್ಟೋ ಸಿಗುತ್ತವೆ. ಚಿತ್ರದಲ್ಲಿ ಇಂಥ ಗುರುತು ಒಂದೂ ಇಲ್ಲ.

ಚಿತ್ರದ ಜೊತೆಗೆ ‘ಫಿಲಡೆಲ್ಫಿಯಾ ಫ್ಯಾಷನ್ನಿನ ಹರಟೆ’ ಎಂಬಂಥ ಒಂದು ಅಂಕಣ ಬರುತ್ತಿತ್ತು. 1850ರ ದಶಕದಲ್ಲಿ ಅದರ ಬೆನ್ನಿಗೆ ಇನ್ನೊಂದು ಸೌಲಭ್ಯ ಸೇರಿತು. ದೂರದೂರಿನ ಓದುಗರು ಹಣ ಕಳಿಸಿದರೆ ಪತ್ರಿಕೆಯ ಫ್ಯಾಷನ್ ಸಂಪಾದಕಿಯೇ ಫಿಲಡೆಲ್ಫಿಯಾದ ಅಂಗಡಿಗಳಲ್ಲಿ ಟೋಪಿ, ಆಭರಣ, ಬಟ್ಟೆ ಆರಿಸಿ ಅಂಚೆಯಲ್ಲಿ ಕಳಿಸುವಳು. ಸತ್ತವರ ಕೂದಲು ಕಳಿಸಿದರೆ ಅದನ್ನು ಹೆಣೆದು ಬಳೆ, ಉಂಗುರ, ಗಡಿಯಾರದ ಸರಪಳಿ ಮಾಡಿಸಿಕೊಡುವ ಏರ್ಪಾಡೂ ಇತ್ತು. ಅದರ ನಮೂನೆಗಳನ್ನೂ ಪತ್ರಿಕೆ ಚಿತ್ರಸಹಿತ ಅಚ್ಚುಮಾಡುತ್ತಿತ್ತು. ಮನೆಬಾಗಿಲಿಗೆ ಪೊಟ್ಟಣ ಬರುವ ವ್ಯಾಪಾರ ನಮ್ಮ ಕಾಲದ ಆವಿಷ್ಕಾರವೆಂದು ತಿಳಿದವರು ಇದನ್ನು ಗಮನಿಸಬಹುದು.

1850ರ ದಶಕದ ಕೊನೆಗೆ ಹಾಳೆಗಳ ಬಣ್ಣವೂ ಅಳತೆಯೂ ಒಟ್ಟಿಗೆ ಬದಲಾದವು. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಟಾರಿನಿಂದ ನೇರಳೆ ಬಣ್ಣ ತೆಗೆದ; ಹಿಂದೆಯೇ ಕಡುಗುಲಾಬಿಯ ಮಜೆಂಟಾ ಬಂತು. ಅದೇ 1856ರಲ್ಲಿ ಉಕ್ಕಿನ ಬಳೆಗಳ ಪಂಜರದಂಥ ಕ್ರಿನೊಲಿನ್‌ಗೆ ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಐದಾರು ಒಳಲಂಗಗಳ ಭಾರ ಹೊತ್ತವರಿಗೆ ಈ ಪಂಜರ ಹಗುರವೆನಿಸಿದ್ದರಲ್ಲಿ ಅಚ್ಚರಿಯಿಲ್ಲ. ಲಂಗ ಎಷ್ಟು ಹರಡಿತೆಂದರೆ ಪುಟದ ಅಗಲ ಸಾಲದೆ ಗೋಡಿ 1860ರ ದಶಕದಲ್ಲಿ ಮಡಿಸಿದ ಜೋಡಿಪುಟಗಳನ್ನು ಅಂಟಿಸಬೇಕಾಯಿತು. ಅಂಥ ಒಂದು ಹಾಳೆ ಬಿಚ್ಚಿದರೆ ಐದಾರು ಹೆಂಗಸರು ದೋಣಿಗಳಂತೆ ಸಾಲಾಗಿ ತೇಲುತ್ತಾರೆ. ಹಲವರ ಹೆಗಲ ಮೇಲೆ ಮಾವಿನಕಾಯಿ ಚಿತ್ತಾರದ ಶಾಲು. ಕಾಶ್ಮೀರದ ನೇಕಾರರ ಆ ಚಿತ್ತಾರವನ್ನು ಅಷ್ಟರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯ ಮಗ್ಗಗಳು ನಕಲು ಮಾಡಿ ಜಗತ್ತಿಗೆಲ್ಲ ಮಾರುತ್ತಿದ್ದವು.

ಹಾಳೆಯಲ್ಲಿ ಇಲ್ಲದ್ದೇನು ಎಂಬ ಪ್ರಶ್ನೆಗೆ ಉತ್ತರ ಉದ್ದವಾಗಿದೆ. 1861ರಿಂದ 1865ರವರೆಗೆ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಸತ್ತರು. ಗೋಡಿಯ ಪುಟಗಳಲ್ಲಿ ಯುದ್ಧದ ಸುದ್ದಿಯೇ ಇಲ್ಲವೆನ್ನಬೇಕು. ರಾಜಕೀಯ ಬೇಡ ಎಂಬುದು ಮಾಲೀಕನ ಕಟ್ಟಪ್ಪಣೆ. ಗುಲಾಮಗಿರಿಯ ವಿರೋಧಿ ಪತ್ರಿಕೆಗೆ ಬರೆದ ಕಾರಣಕ್ಕೆ ‘ಗ್ರೇಸ್ ಗ್ರೀನ್‌ವುಡ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಾರಾ ಲಿಪಿನ್‌ಕಾಟ್‌ಳ ಹೆಸರನ್ನು, ದಕ್ಷಿಣದ ಓದುಗರು ಗೊಣಗಿದ ಕೂಡಲೇ, ಗೋಡಿ ಸಂಪಾದಕರ ಪಟ್ಟಿಯಿಂದ ತೆಗೆದುಹಾಕಿದ. ಚಿತ್ರದ ಹತ್ತಿಬಟ್ಟೆಯ ಮೂಲ ದಕ್ಷಿಣದ ಹೊಲಗಳಲ್ಲಿ ಗುಲಾಮರು ಬಿಡಿಸಿದ ಅರಳೆ ಎಂಬುದನ್ನು ಹೇಳುವ ಸಾಲು ಅಲ್ಲಿ ಸಿಗದು. ಅದೇ ಕಚೇರಿಯ ಸಂಪಾದಕಿ ಹೇಲ್ ಮಾತ್ರ ಯುದ್ಧದ ನಡುವೆ, 1863ರ ಸೆಪ್ಟೆಂಬರ್‌ನಲ್ಲಿ, ‘ಥ್ಯಾಂಕ್ಸ್‌ಗಿವಿಂಗ್’ ದಿನವನ್ನು ರಾಷ್ಟ್ರೀಯ ಹಬ್ಬ ಮಾಡಿರೆಂದು ಲಿಂಕನ್‌ಗೆ ಪತ್ರ ಬರೆದಳು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ಘೋಷಣೆ ಹೊರಬಿತ್ತು.

ಇಲ್ಲದ ಇನ್ನೊಂದು ವಸ್ತು ಪೈಜಾಮ. 1851ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಊರಿನ ಅಮೀಲಿಯಾ ಬ್ಲೂಮರ್ ತನ್ನ ‘ದ ಲಿಲಿ’ ಪತ್ರಿಕೆಯಲ್ಲಿ ಮೊಣಕಾಲಿನ ಕೆಳಗೆ ಬರುವ ಗಿಡ್ಡ ಲಂಗ, ಅದರಡಿಗೆ ದೊಗಲೆ ಪೈಜಾಮದ ಉಡುಪನ್ನು ಸಮರ್ಥಿಸಿದಳು. ಮೊದಲು ತೊಟ್ಟವಳು ಎಲಿಜಬೆತ್ ಸ್ಮಿತ್ ಮಿಲ್ಲರ್, ಹೆಸರು ಅಂಟಿದ್ದು ಬ್ಲೂಮರ್‌ಗೆ. ಆಕೆಯ ಸಣ್ಣ ಪತ್ರಿಕೆಯ ಚಂದಾದಾರರು ಕೆಲವು ನೂರರಿಂದ ಸಾವಿರಗಳಿಗೆ ಏರಿದರು; ಹೇಗೆ ಹೊಲಿಯುವುದೆಂದು ಕೇಳುವ ಪತ್ರಗಳು ರಾಶಿ ಬಿದ್ದವು. ಅದೇ ವರ್ಷ ಗೋಡೆಚಿತ್ರಗಳ ಪ್ರಕಾಶಕ ನಥಾನಿಯಲ್ ಕರಿಯರ್ ಆ ಉಡುಪಿನ ಚಿತ್ರವನ್ನೇ ಅಚ್ಚುಮಾಡಿ ಮಾರಿದ. ಆದರೆ ಬೀದಿಯ ಗೇಲಿ, ವ್ಯಂಗ್ಯಚಿತ್ರಗಳ ಹಾವಳಿ ತಾಳಲಾರದೆ ಕೆಲವೇ ವರ್ಷಗಳಲ್ಲಿ ತೊಟ್ಟವರೇ ಅದನ್ನು ಕಳಚಿಟ್ಟರು.

ಗೋಡಿಗೆ ಪೆಟ್ಟು ಕೊಟ್ಟದ್ದು ಸುಧಾರಕರಲ್ಲ, ಅಗ್ಗದ ಪ್ರತಿಸ್ಪರ್ಧಿ. ಅದೇ ಫಿಲಡೆಲ್ಫಿಯಾದಲ್ಲಿ 1842ರಲ್ಲಿ ಚಾರ್ಲ್ಸ್ ಪೀಟರ್ಸನ್ ಆರಂಭಿಸಿದ ‘ಪೀಟರ್ಸನ್ಸ್ ಮ್ಯಾಗಜೀನ್’ ವರ್ಷಕ್ಕೆ ಎರಡೇ ಡಾಲರ್. ಬಣ್ಣದ ಹಾಳೆ ಅದರಲ್ಲೂ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಅದು ಪ್ರಸಾರದಲ್ಲಿ ಗೋಡಿಯನ್ನು ಹಿಂದಿಕ್ಕಿತು. ಅಷ್ಟರಲ್ಲಿ ಓದುಗರ ಬೇಡಿಕೆಯೂ ಬದಲಾಗಿತ್ತು. 1851ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಮನೆಯಲ್ಲೇ ಬೇಗ ಹೊಲಿಯಬಹುದಾಯಿತು. ಈಗ ಬೇಕಿದ್ದುದು ಕತ್ತರಿಸುವ ನಕ್ಷೆ.

ಅದನ್ನು ಕೊಟ್ಟವರು ನ್ಯೂಯಾರ್ಕಿನ ಎಲೆನ್ ಡೆಮರೆಸ್ಟ್ ಮತ್ತು ಆಕೆಯ ಗಂಡ ವಿಲಿಯಂ. ಮನೆಗೆಲಸದ ಕಪ್ಪುಹೆಂಗಸೊಬ್ಬಳು ಕಂದು ಕಾಗದ ಕತ್ತರಿಸಿ ಅಳತೆ ಮಾಡುವುದನ್ನು ಕಂಡು ಎಲೆನ್‌ಗೆ ಈ ಉಪಾಯ ಹೊಳೆಯಿತೆಂದು ಹೇಳುವುದುಂಟು. ನಿಜವಿದ್ದರೆ ಆ ಹೆಂಗಸಿನ ಹೆಸರೂ ಬಣ್ಣ ಬಳಿದವರ ಹೆಸರುಗಳ ಹಾದಿಯನ್ನೇ ಹಿಡಿಯಿತು. 1860ರಲ್ಲಿ ಈ ದಂಪತಿ ಆರಂಭಿಸಿದ ‘ಮಿರರ್ ಆಫ್ ಫ್ಯಾಷನ್ಸ್’ ಪತ್ರಿಕೆಯಲ್ಲಿ ತೆಳುಕಾಗದದ ನಕ್ಷೆಯನ್ನೇ ಒಳಗಿಟ್ಟು ಕೊಡುತ್ತಿದ್ದರು. ಮೆಸಾಚುಸೆಟ್ಸ್‌ನ ದರ್ಜಿ ಎಬನೀಜರ್ ಬಟರಿಕ್ 1863ರಲ್ಲಿ ಅಳತೆವಾರು ನಕ್ಷೆಗಳನ್ನು ಮಾರುಕಟ್ಟೆಗೆ ತಂದ. 1867ರ ನವೆಂಬರ್‌ನಲ್ಲಿ ‘ಹಾರ್ಪರ್ಸ್ ಬಜಾರ್’ ವಾರಪತ್ರಿಕೆ ಬಂತು. ಅದರ ಮೊದಲ ಸಂಪಾದಕಿ ಮೇರಿ ಲೂಯಿಸ್ ಬೂತ್, ಫ್ರೆಂಚಿನಿಂದ ಹತ್ತಾರು ಪುಸ್ತಕ ಅನುವಾದಿಸಿದ ವಿದುಷಿ. ಬರ್ಲಿನ್ನಿನ ‘ಡೆರ್ ಬಜಾರ್’ ಪತ್ರಿಕೆಯಿಂದ ಅಚ್ಚುಫಲಕಗಳು ಮುಂಗಡವಾಗಿ ಹಡಗಿನಲ್ಲಿ ಬರುತ್ತಿದ್ದುದರಿಂದ ಯುರೋಪಿನ ಉಡುಪು ಅಲ್ಲಿಯೂ ಇಲ್ಲಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪ್ರಕಟವಾಗತೊಡಗಿತು. ಇದರ ಚಿತ್ರಗಳು ಮರದಚ್ಚಿನವು, ಕಪ್ಪುಬಿಳುಪು. ಜೊತೆಗೆ ಬರುತ್ತಿದ್ದ ನಕ್ಷೆಯ ಹಾಳೆಯಲ್ಲಿ ಹತ್ತಾರು ಉಡುಪುಗಳ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದು, ಬೇಕಾದ ಗೆರೆಯನ್ನು ಹಿಡಿದು ಹೋಗಲು ತಾಳ್ಮೆ ಬೇಕಿತ್ತು. ವಿನ್ಸ್‌ಲೋ ಹೋಮರ್‌ನಂಥ ಚಿತ್ರಕಾರ ಕೂಡ ಆರಂಭದ ದಿನಗಳಲ್ಲಿ ಇದಕ್ಕೆ ಬರೆದುಕೊಟ್ಟಿದ್ದಾನೆ.

ಈ ಎಲ್ಲ ಹಾಳೆಗಳ ಹೆಂಗಸರು ಬಿಳಿಯರು. ಅದನ್ನು ಗಮನಿಸಿ ಉತ್ತರ ಕೊಟ್ಟವಳು ಜೂಲಿಯಾ ರಿಂಗ್‌ವುಡ್ ಕಾಸ್ಟನ್. 1891ರಲ್ಲಿ ಓಹಿಯೋದ ಕ್ಲೀವ್‌ಲ್ಯಾಂಡಿನಿಂದ ಆಕೆ ಹೊರತಂದ ‘ರಿಂಗ್‌ವುಡ್ಸ್ ಆಫ್ರೋ-ಅಮೆರಿಕನ್ ಜರ್ನಲ್ ಆಫ್ ಫ್ಯಾಷನ್’ ಕಪ್ಪು ಮಹಿಳೆಯರಿಗಾಗಿ ಬಂದ ಮೊದಲ ಫ್ಯಾಷನ್ ಪತ್ರಿಕೆ. ಅದರಲ್ಲಿ ಪ್ಯಾರಿಸ್ ಉಡುಪಿನ ಚಿತ್ರವೂ ಇತ್ತು, ಕಪ್ಪು ಮಹಿಳೆಯರ ಜೀವನಚಿತ್ರಗಳೂ ಇದ್ದವು. ಆ ವಿಭಾಗ ನೋಡಿಕೊಂಡವಳು ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ದೊಡ್ಡ ಹೆಸರಾದ ಮೇರಿ ಚರ್ಚ್ ಟೆರೆಲ್. ಪತ್ರಿಕೆ ಬಾಳಿದ್ದು ಕೆಲವೇ ವರ್ಷ. ಗೋಡಿಯ 68 ವರ್ಷಗಳ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿರುವಾಗ ಕಾಸ್ಟನ್‌ಳ ಸಾಹಸಕ್ಕೆ ಸಿಕ್ಕಿರುವ ಪುಟಗಳು ತೀರಾ ಕಡಿಮೆ. ಇದು ಸರಿಯಾಗಬೇಕಾದ ಲೆಕ್ಕ.

ಗೋಡಿ 1877ರಲ್ಲಿ ಪತ್ರಿಕೆಯನ್ನು ಮಾರಿ ಮರುವರ್ಷ ತೀರಿಕೊಂಡ. 1879ರಲ್ಲಿ ಹೇಲ್ ಹೋದಳು. ಬಣ್ಣವನ್ನು ಯಂತ್ರವೇ ಅಚ್ಚುಹಾಕುವ ಲಿಥೋಗ್ರಾಫಿ ಅಗ್ಗವಾಯಿತು, ಹಾಫ್‌ಟೋನ್ ಬಂದು ಛಾಯಾಚಿತ್ರವೂ ಪುಟಕ್ಕಿಳಿಯಿತು. 1890ರ ದಶಕದಲ್ಲಿ ಜನರ ಕಣ್ಣು ಚಾರ್ಲ್ಸ್ ಡೇನಾ ಗಿಬ್ಸನ್ ಶಾಯಿಯಲ್ಲಿ ಬರೆದ, ಎತ್ತರದ, ಗತ್ತಿನ ಹುಡುಗಿಯರ ಕಡೆ ತಿರುಗಿತ್ತು. ‘ವೋಗ್’ ಶುರುವಾದದ್ದು 1892ರ ಡಿಸೆಂಬರ್‌ನಲ್ಲಿ. 1898ರಲ್ಲಿ ‘ಗೋಡೀಸ್’ ಮತ್ತು ‘ಪೀಟರ್ಸನ್ಸ್’ ಎರಡನ್ನೂ ನ್ಯೂಯಾರ್ಕಿನ ಪ್ರಕಾಶಕ ಫ್ರಾಂಕ್ ಮನ್ಸಿ ಕೊಂಡು ತನ್ನ ಬೇರೆ ಪತ್ರಿಕೆಗಳಲ್ಲಿ ಕರಗಿಸಿಬಿಟ್ಟ. ಅರ್ಧ ಶತಮಾನ ಪೈಪೋಟಿ ನಡೆಸಿದ ಇಬ್ಬರಿಗೂ ಒಂದೇ ವರ್ಷ, ಒಬ್ಬನ ಕೈಯಿಂದಲೇ ಮುಕ್ತಾಯ.

ಆಮೇಲೆ ಶುರುವಾದದ್ದು ಬ್ಲೇಡಿನ ಕಥೆ. ವರ್ಷದ ಸಂಚಿಕೆಗಳನ್ನು ಸೇರಿಸಿ ರಟ್ಟು ಹಾಕಿಸಿಟ್ಟ ಸಂಪುಟಗಳಿಗಿಂತ ಒಳಗಿನ ಬಣ್ಣದ ಹಾಳೆಗಳಿಗೇ ಬೆಲೆ ಎಂದು ವ್ಯಾಪಾರಿಗಳು ಕಂಡುಕೊಂಡರು. ಹಾಳೆಗಳನ್ನು ಕತ್ತರಿಸಿ ಬಿಡಿಬಿಡಿಯಾಗಿ ಮಾರಿದರು. ಈಗ ಗ್ರಂಥಾಲಯಗಳಲ್ಲೂ ಬಣ್ಣದ ಹಾಳೆ ಕಳೆದುಕೊಂಡ ಸಂಪುಟಗಳು ಬಹಳ. ಲಾಸ್ ಏಂಜಲೀಸ್ ಸಾರ್ವಜನಿಕ ಗ್ರಂಥಾಲಯದ ಕೇಸಿ ಸಂಗ್ರಹದಲ್ಲಿ 1780ರಿಂದ 1880ರವರೆಗಿನ ಬ್ರಿಟಿಷ್, ಅಮೆರಿಕನ್ ಪತ್ರಿಕೆಗಳ ಇಂಥ 6,200ಕ್ಕೂ ಹೆಚ್ಚು ಬಿಡಿ ಹಾಳೆಗಳಿವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಗೋಡಿಯ ಎಷ್ಟೋ ಇಡೀ ಸಂಪುಟಗಳೂ ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತವೆ. ಬಿಡಿ ಹಾಳೆ ಕಣ್ಣಿಗೆ ಹಬ್ಬ, ನಿಜ. ಆದರೂ ಆಸಕ್ತರು ಇಡೀ ಸಂಪುಟವನ್ನೇ ತೆರೆಯಲಿ. ಗೌನಿನ ಬಟ್ಟೆ, ಅಂಚು, ಗುಂಡಿಯ ವಿವರವೆಲ್ಲ ಇರುವುದು ಅದರ ಒಳಪುಟಗಳಲ್ಲಿ.